ನಾಲ್ಕರಲ್ಲಿ ಒಂದು

ತಂಗಿಯ ಮಗಳು ಕನ್ನಡ ಎಂ.ಎ. ಓದುತ್ತಿದ್ದಾಳೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ಆಸೆ. ನೆಟ್ ಪರೀಕ್ಷೆಗೆ ಓದಿಕೊಳ್ಳಲು ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ, "ಗದಾಯುದ್ಧ ಯಾರದೇ?" ಎಂದೆ. "ರನ್ನನದು, ಚಂಪೂ ಕಾವ್ಯ, ಆಶ್ರಯದಾತ ಸತ್ಯಾಶ್ರಯ" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. "ಸರಿ, ದುರ್ಯೋಧನನ ಮೇಲೆ ನಮಗೆ ಮರುಕ ಹುಟ್ಟುವ ಹಾಗೆ ಯಾಕೆ ಬರೆದ?" ಎಂದು ಕೇಳಿದರೆ, "ಅದೆಲ್ಲ ನಾಲ್ಕು ಆಯ್ಕೆಯಲ್ಲಿ ಬರಲ್ಲ ದೊಡ್ಡಮ್ಮ" ಎಂದು ನಕ್ಕಳು.

ಅದು ಉಡಾಫೆಯಲ್ಲ, ಲೆಕ್ಕಾಚಾರ. ನೆಟ್‌ನ ಮೂರನೆಯ ಪತ್ರಿಕೆಯಲ್ಲಿ ಹಿಂದೆ ವಿವರವಾಗಿ ಬರೆಯಬೇಕಿತ್ತು. 2012ರ ಜೂನ್‌ನಿಂದ ಅದೂ ಆಯ್ಕೆಯ ಪ್ರಶ್ನೆಗಳಿಗೆ ತಿರುಗಿತು. 2018ರ ಡಿಸೆಂಬರ್‌ನಲ್ಲಿ ಪರೀಕ್ಷೆಯೇ ಕಂಪ್ಯೂಟರಿಗೆ ಹೋಯಿತು. ಮೂರು ಗಂಟೆಯಲ್ಲಿ 150 ಪ್ರಶ್ನೆ. ಒಂದಕ್ಕೆ ಒಂದು ನಿಮಿಷ ಹನ್ನೆರಡು ಸೆಕೆಂಡು. ಅಷ್ಟರಲ್ಲಿ ಮರುಕಕ್ಕೆ ಜಾಗವೆಲ್ಲಿ? ಸ್ವೀಡನ್ನಿನ ಮಾರ್ಟನ್ ಮತ್ತು ಸಾಲ್ಯೊ ಎಂಬ ವಿದ್ವಾಂಸರು 1976ರಲ್ಲೇ ತೋರಿಸಿದ್ದರು: ವಿದ್ಯಾರ್ಥಿ ಎಂಥ ಪ್ರಶ್ನೆಯನ್ನು ನಿರೀಕ್ಷಿಸುತ್ತಾನೋ ಅದಕ್ಕೆ ತಕ್ಕ ಹಾಗೆ ಓದುತ್ತಾನೆ. ಆಗ ಎದುರಿಗಿದ್ದದ್ದು ಕಂಪ್ಯೂಟರಲ್ಲ, ಅಚ್ಚಾದ ಹಾಳೆ.

ಇಷ್ಟು ಹೇಳಿ ಗೆದ್ದೆನೆಂದುಕೊಂಡೆ. ಹುಡುಗಿ ಬಿಡಲಿಲ್ಲ. "ಯಂತ್ರಕ್ಕೆ ನನ್ನ ಅಕ್ಷರ ಕಾಣಿಸಲ್ಲ, ನಾನು ಯಾರ ಪೈಕಿ ಅಂತ ಗೊತ್ತಾಗಲ್ಲ. ಸರಿಯುತ್ತರದ ಪಟ್ಟಿ ಹೊರಗೆ ಹಾಕ್ತಾರೆ. ತಪ್ಪಿದ್ರೆ ದುಡ್ಡು ಕಟ್ಟಿ ಆಕ್ಷೇಪಿಸಬಹುದು. ನಿಮ್ಮ ಕೆಂಪು ಶಾಯಿಗೆ ಯಾರು ಆಕ್ಷೇಪಿಸೋಕಾಗ್ತಿತ್ತು?" ಎಂದಳು.

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಮುದ್ದಾದ ಅಕ್ಷರಕ್ಕೆ ಎರಡು ಅಂಕ ಹೆಚ್ಚು ಹಾಕಿದ್ದೇನೆ. ಕಟ್ಟಿನ ಕೊನೆಯ ಪತ್ರಿಕೆಗಳನ್ನು ನಿದ್ದೆಗಣ್ಣಲ್ಲಿ ನೋಡಿದ್ದೇನೆ. ಮಕ್ಕಳಿಗೆ ಯಂತ್ರದ ಮೇಲಿರುವ ನಂಬಿಕೆಯಲ್ಲಿ ಅರ್ಧ, ನಮ್ಮ ಮೇಲೆ ಹೋದ ನಂಬಿಕೆ.

ಆದರೂ ಒಂದು ಮಾತು. 2024ರ ಜೂನ್ 18ರಂದು ಈ ಪರೀಕ್ಷೆ ಮತ್ತೆ ಕಾಗದದ ಮೇಲೆ ನಡೆಯಿತು; ಮರುದಿನವೇ ರದ್ದಾಯಿತು; ಆಗಸ್ಟ್‌ನಲ್ಲಿ ಕಂಪ್ಯೂಟರಿಗೆ ಮರಳಿತು. ಎರಡು ಸಲವೂ ಪ್ರಶ್ನೆಯ ಬಗೆ ಬದಲಾಗಲಿಲ್ಲ. ಪಾತ್ರೆ ಬದಲಾಯಿತು, ಅಡುಗೆ ಅದೇ. ಇಸವಿ, ಹೆಸರುಗಳನ್ನು ಯಂತ್ರವೇ ಕೇಳಲಿ. ನನಗಿಂತ ಚೆನ್ನಾಗಿ ಕೇಳುತ್ತದೆ. ಜೊತೆಗೆ ಒಂದೇ ಒಂದು ಪುಟ ಬರೆಸಲಿ. ಹೆಸರು ಮುಚ್ಚಿ ಇಬ್ಬರು ಅದನ್ನು ಓದಲಿ. ನಾಳೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು "ಯಾಕೆ ಮೇಡಂ?" ಎಂದರೆ, ನನ್ನ ತಂಗಿಯ ಮಗಳ ಮುಂದೆ ನಾಲ್ಕು ಆಯ್ಕೆ ಇರುವುದಿಲ್ಲ.