ಎರಡು ಗೆಣ್ಣು

"ಎಡಗೈ ನೋಡ್ಕೊಳ್ಳಿ ಸಾರ್. ಎಷ್ಟು ಗೆಣ್ಣು ಕಾಣ್ತಿದೆ?"

ಒಂದು ಕಾಣುತ್ತಿತ್ತು. ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ನಾನು ಹೊಡೆದ ಚೆಂಡುಗಳೆಲ್ಲ ನೆಟ್ಟಗೆ ಹೊರಟಂತೆ ಮಾಡಿ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಬಲಗಡೆಯ ಬೇಲಿಯತ್ತ ಬಾಗಿದ್ದವು. ಗಾಲ್ಫಿನಲ್ಲಿ ಸ್ಲೈಸ್ ಅನ್ನುವುದು ಇದಕ್ಕೇ. ಕೋಚ್ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಒಮ್ಮೆ ಬೆನ್ನ ಹಿಂದೆ, ಒಮ್ಮೆ ಎದುರಿಗೆ ನಿಂತು ನೋಡಿದ್ದರು. ನೋಡಿದ್ದೂ ನನಗಿಂತ ಹೆಚ್ಚಾಗಿ ಚೆಂಡನ್ನು. ಆಮೇಲೆ ನನ್ನ ಎಡ ಮಣಿಕಟ್ಟು ಹಿಡಿದು, ನಲ್ಲಿ ಬಿಗಿ ಮಾಡುವ ಹಾಗೆ ಒಂದಿಷ್ಟೇ ಬಲಕ್ಕೆ ತಿರುಗಿಸಿದರು. "ಈಗ ಎರಡು ಕಾಣುತ್ತಲ್ಲ? ಅಷ್ಟೇ. ಹೊಡೀರಿ."

ಬೇರೆಯವರ ಚಪ್ಪಲಿಗೆ ಕಾಲು ತೂರಿಸಿದ ಹಾಗಿತ್ತು ಆ ಹಿಡಿತ. ಮೂರನೇ ಚೆಂಡು ಎಡಕ್ಕೆ ಹೋಯಿತು. ತಪ್ಪೇ, ಆದರೆ ಎಂಟು ವರ್ಷದಲ್ಲಿ ಒಮ್ಮೆಯೂ ಮಾಡಿರದ ತಪ್ಪು. ಖುಷಿಯಿಂದ ಕೂಗಿಬಿಟ್ಟೆ. ಪಕ್ಕದ ಸಾಲಿನವರು ತಿರುಗಿ ನೋಡಿದರು.

ಆ ಎಂಟು ವರ್ಷ ನಾನು ವಿಡಿಯೋಗಳ ಶಿಷ್ಯನಾಗಿದ್ದೆ. ಫೋನಿನಲ್ಲಿ ಪಾಠ ಮಾಡುವ ಮಹನೀಯರಲ್ಲಿ ಹೆಚ್ಚಿನವರು ಹೇಳುವುದು ಸುಳ್ಳಲ್ಲ. ತೊಂದರೆ ಏನೆಂದರೆ, ಅವರು ಹೇಳುವುದು ನನಗಲ್ಲ. ಚೆಂಡನ್ನು ಬಲಕ್ಕೆ ಬಾಗಿಸುವವನೂ ಎಡಕ್ಕೆ ಬಾಗಿಸುವವನೂ ಒಂದೇ ವಿಡಿಯೋ ನೋಡಿ, ಒಂದೇ ಔಷಧಿ ಕುಡಿಯುತ್ತಾರೆ. ಸ್ವಂತ ಅನುಭವದ ಮೇಲೆ ಭರವಸೆ ಇಡೋಣವೆಂದರೆ ಅದೂ ಮೋಸ. ಕ್ಲಬ್ಬು ಮೇಲಿನಿಂದ ಇಳಿದು ಚೆಂಡಿಗೆ ತಾಗಲು ಬೇಕಾದದ್ದು ಸೆಕೆಂಡಿನ ಕಾಲು ಭಾಗದ ಆಸುಪಾಸು. ಚೆಂಡು, ಕ್ಲಬ್ಬು ಕೂಡಿರುವುದಂತೂ ಒಂದು ಸೆಕೆಂಡನ್ನು 2,000 ಹೋಳು ಮಾಡಿದರೆ ಅದರಲ್ಲಿ ಒಂದು ಹೋಳಿನಷ್ಟು ಹೊತ್ತು. ಅಷ್ಟರಲ್ಲಿ ಕೈ ಏನು ಮಾಡಿತೆಂದು ಕೈಯನ್ನೇ ಕೇಳಿದರೆ ಅದು ತನಗೆ ಬೇಕಾದ ಸಾಕ್ಷಿ ಹೇಳುತ್ತದೆ.

ಹಾಗಾಗಿ ಎದುರಿಗೆ ನಿಂತು ಕಲಿಸುವವರ ಪಾಠ ದುಡ್ಡಿಗೆ ತಕ್ಕದ್ದೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಅಂಗಡಿಯಲ್ಲಿ ಯಾವುದನ್ನು ತೋರಿಸಿ ಮಾರುತ್ತಾರೋ ಅದಕ್ಕಲ್ಲ. ಮಾರುವುದು ವಿವರಣೆಯನ್ನು. ಕೆಲಸಕ್ಕೆ ಬರುವುದು ಕೋಚ್‌ನ ಕಣ್ಣು, ಆಮೇಲೆ ಬಾಯಿ ಕಟ್ಟಿಕೊಳ್ಳುವ ಶಕ್ತಿ.

ಇವರಿಗಿಂತ ಮುಂಚೆ ಇನ್ನೊಂದು ಕಡೆ ಹತ್ತು ಪಾಠಗಳ ಪ್ಯಾಕೇಜ್ ತೆಗೆದುಕೊಂಡಿದ್ದೆ. ಹೆಸರು ಬೇಡ. ಮೊದಲ ದಿನವೇ ನನ್ನ ಸ್ವಿಂಗಿನ ವಿಡಿಯೋ ಮೇಲೆ ಕೆಂಪು ಗೆರೆ, ಹಳದಿ ಗೆರೆ, ಪಕ್ಕದಲ್ಲಿ ಯಾರೋ ಅಂತರರಾಷ್ಟ್ರೀಯ ಆಟಗಾರನ ಸ್ವಿಂಗ್. ಇಪ್ಪತ್ತೈದರ ಹುಡುಗನ ಸೊಂಟದ ಪಕ್ಕ ಐವತ್ತು ದಾಟಿದ ನನ್ನ ಸೊಂಟ! ಒಂದು ಗಂಟೆಯಲ್ಲಿ ಹನ್ನೊಂದು ಸಲಹೆ ಬಂದವು. ಎಣಿಸಿದ್ದೇನೆ, ಮನೆಗೆ ಹೋಗಿ ಬರೆದಿಟ್ಟುಕೊಂಡೆನಲ್ಲ. ಒಂದಾದರೂ ಕೈಗೆ ಹತ್ತಲಿಲ್ಲ. ನಾಲ್ಕನೇ ಪಾಠದ ಹೊತ್ತಿಗೆ ಕ್ಲಬ್ಬು ಎತ್ತಿದರೆ ಯಾವ ಕೀಲನ್ನು ಮೊದಲು ಅಲ್ಲಾಡಿಸಬೇಕೆಂಬ ಗೊಂದಲ.

ಯಂತ್ರಗಳನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್‌ನಂಥ ರಾಡಾರ್‌ಗಳು ಬಂದ ಮೇಲೆ ಪಾಠದ ಬುಡವೇ ಸರಿಹೋಯಿತು. ಕ್ಲಬ್ಬು ಸಾಗುವ ದಿಕ್ಕಿಗೆ ಚೆಂಡು ಹೊರಡುತ್ತದೆ, ಕ್ಲಬ್ಬಿನ ಮುಖ ನೋಡುವ ಕಡೆಗೆ ಆಮೇಲೆ ಬಾಗುತ್ತದೆ ಎಂದು ದಶಕಗಟ್ಟಲೆ ಕಲಿಸಿದ್ದರು. ನಿಜ ಹೆಚ್ಚುಕಡಿಮೆ ತಿರುಗಾಮುರುಗಾ. ಚೆಂಡು ಹೊರಡುವುದು ಬಹುಪಾಲು ಮುಖ ನೋಡುವ ಕಡೆಗೆ. ಮುಖಕ್ಕೂ ಸಾಗುವ ದಾರಿಗೂ ಇರುವ ಅಂತರದಿಂದ ಅದು ಬಾಗುತ್ತದೆ. ಚೆಂಡು ಬಲಕ್ಕೆ ಓಡುತ್ತದೆಂದು ಎಡಕ್ಕೆ ಗುರಿ ಇಟ್ಟು ಬೀಸಿದರೆ ಆ ಅಂತರ ಹೆಚ್ಚುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ಓಡುತ್ತದೆ. ಎಂಟು ವರ್ಷ ನಾನು ಮಾಡಿದ್ದು ಇದನ್ನೇ. ಅಂಕಿ ಕೋಚ್‌ಗೆ ಬೇಕು. ಅದನ್ನೆಲ್ಲ ನನ್ನ ತಲೆಗೆ ಸುರಿಯುವ ಅಗತ್ಯವಿಲ್ಲ. ರಕ್ತಪರೀಕ್ಷೆಯ ಚೀಟಿಯನ್ನು ರೋಗಿಯ ಕೈಗೆ ತುರುಕಿ "ನೀವೇ ನೋಡ್ಕೊಳ್ಳಿ" ಎನ್ನುವ ವೈದ್ಯರನ್ನು ಎಷ್ಟು ದಿನ ಸಹಿಸುತ್ತೇವೆ?

ಹೊಸ ಕೋಚ್ ಕೇಳಿದ ಎರಡನೇ ಪ್ರಶ್ನೆ: "ಕ್ರಿಕೆಟ್ ಆಡ್ತಿದ್ರಾ?" ಆಡುತ್ತಿದ್ದೆ, ಕಾಲೇಜು ಮುಗಿಯುವವರೆಗೂ. ಎಡ ಮೊಣಕೈ ಮೇಲೆತ್ತಿ, ಬ್ಯಾಟಿನ ಮುಖವನ್ನು ಕೊನೆಯವರೆಗೂ ಬೌಲರ್ ಕಡೆಗೇ ಹಿಡಿದು ಡ್ರೈವ್ ಮಾಡುವುದನ್ನು ಮೈಗೂಡಿಸಿಕೊಂಡವನು ನಾನು. ಅದೇ ಮರ್ಯಾದೆಯನ್ನು ಗಾಲ್ಫ್ ಕ್ಲಬ್ಬಿಗೆ ತೋರಿಸಿದರೆ ಮುಖ ಮುಚ್ಚಿಕೊಳ್ಳುವುದೇ ಇಲ್ಲ, ಚೆಂಡು ಬೇಲಿ ಹುಡುಕುತ್ತದೆ. ಬೆಂಗಳೂರಿನ ರೇಂಜುಗಳಲ್ಲಿ ನನ್ನಂಥ ನಿವೃತ್ತ ಬ್ಯಾಟ್ಸ್‌ಮನ್‌ಗಳಿಗೆ ಬರವಿಲ್ಲ. ಹೊಡೆತ ನೋಡಿ ಬಾಲ್ಯವನ್ನು ಗುರುತಿಸುವ ವಿಡಿಯೋ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕ್ಯಾಡಿಗಳಾಗಿ ಶುರು ಮಾಡಿ ಕೋಚ್ ಆದವರು ನಮ್ಮಲ್ಲಿ ಇದ್ದಾರೆ. ಬ್ಯಾಗು ಹೊತ್ತು ನಡೆಯುತ್ತ ಸಾವಿರಾರು ಕೆಟ್ಟ ಹೊಡೆತ ನೋಡಿದ ಕಣ್ಣು ಅದು. ಹಾಗೆಂದು ಕ್ಯಾಡಿ ಪರಂಪರೆಯ ಎಲ್ಲ ಮಾತಿಗೂ ಕೈಮುಗಿಯಲಾರೆ. "ತಲೆ ಎತ್ತಬೇಡಿ ಸಾರ್" ಎನ್ನುವುದು ಅದರ ಗಾಯತ್ರಿ ಮಂತ್ರ. ಚೆಂಡಿನ ನೆತ್ತಿಗೆ ಹೊಡೆದಾಗಲೆಲ್ಲ ತಲೆಯ ಮೇಲೇ ಆರೋಪ. ಎಷ್ಟೋ ಸಲ ಮೊದಲು ಎದ್ದದ್ದು ಸೊಂಟ ಮತ್ತು ಎದೆ, ತಲೆ ಅವುಗಳ ಹಿಂದೆ ಹೋದ ಪಾಪದ ಪ್ರಾಣಿ. ತಲೆಯನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಇಟ್ಟುಕೊಳ್ಳಲು ಹೋದವನ ಮೈ ತಿರುಗುವುದೇ ನಿಂತುಬಿಡುತ್ತದೆ.

ತಲೆಯ ಮಾತು ಬಂದರೆ ಓಹಾಯೋದ ಸಯೋಟೊ ಕ್ಲಬ್ಬು ನೆನಪಾಗುತ್ತದೆ. ಮುಂದೆ ಗಾಲ್ಫ್ ದಿಗ್ಗಜನಾದ ಜಾಕ್ ನಿಕ್ಲಾಸ್ ಹತ್ತು ವರ್ಷದವನಿದ್ದಾಗ, 1950ರಲ್ಲಿ, ಅಲ್ಲಿ ಪಾಠಕ್ಕೆ ಸೇರಿದ. ಚೆಂಡು ಹೊಡೆಯುವಾಗ ಹುಡುಗನ ತಲೆ ಓಲಾಡದಿರಲೆಂದು ಗುರು ಜಾಕ್ ಗ್ರೌಟ್ ತಮ್ಮ ಸಹಾಯಕನಿಂದ ಅವನ ಕೂದಲು ಹಿಡಿಸುತ್ತಿದ್ದರು. ತಲೆ ಅಲ್ಲಾಡಿದರೆ ಕೂದಲು ಎಳೆದು ಕಣ್ಣಲ್ಲಿ ನೀರು. ಇಂದು ಯಾವ ಕೋಚ್ ಹೀಗೆ ಮಾಡಿದರೂ ಪೊಲೀಸ್ ಠಾಣೆ ಖಚಿತ, ನನಗೆ ಹಿಡಿಯಲು ಕೂದಲೂ ಇಲ್ಲ. ಕ್ರೂರವಾಗಿದ್ದರೂ ಅದರಲ್ಲಿ ಮಾತಿನ ಮಧ್ಯಸ್ಥಿಕೆ ಇರಲಿಲ್ಲ. ತಪ್ಪಾದ ಕ್ಷಣಕ್ಕೇ ಮೈಗೆ ಸುದ್ದಿ ಮುಟ್ಟುತ್ತಿತ್ತು.

ನನ್ನ ಕೋಚ್ ಮಾತಾಡಿದರೂ ಮೈಯ ಬಗ್ಗೆ ಮಾತಾಡುವುದಿಲ್ಲ. "ಬೆಳಗ್ಗೆ ಅಂಗಳಕ್ಕೆ ಬಕೆಟ್ಟಿಂದ ನೀರು ಎರಚ್ತಾರಲ್ಲ, ಹಾಗೆ" ಎಂದರು ಒಂದು ದಿನ. ಭುಜ, ಸೊಂಟ, ಮಣಿಕಟ್ಟು ಎಲ್ಲ ತಾವಾಗಿ ಸಾಲಿಗೆ ಬಂದವು. ಗಾಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಕೈಗಳ ಚಲನೆಯ ಮೇಲೆ ಗಮನವಿಟ್ಟ ಹೊಸಬರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಗಮನವಿಟ್ಟವರ ಹೊಡೆತ ಹೆಚ್ಚು ಗುರಿ ಮುಟ್ಟಿತ್ತು.

ಈ ಕೋಚ್ ಮೇಲೂ ನನ್ನ ತಕರಾರು ಇದೆ, ಮ್ಯಾಟಿನದು. ಪಾಠವೆಲ್ಲ ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಚೆಂಡಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ಬಡಿದರೂ ಕ್ಲಬ್ಬು ಜಾರಿಕೊಂಡು ಹೋಗಿ ಚೆಂಡನ್ನು ಎತ್ತಿ ಕಳಿಸುತ್ತದೆ. ಸದ್ದು ಮಾತ್ರ ಸ್ವಲ್ಪ ದಪ್ಪ. ಆರು ವಾರ ಹೀಗೆ ಪಾಸಾಗುತ್ತ ಬಂದು, ಮೊದಲ ಸಲ ನಿಜವಾದ ಕೋರ್ಸಿಗೆ ಇಳಿದ ದಿನ ಚೆಂಡಿಗಿಂತ ಹುಲ್ಲಿನ ಹೆಂಟೆ ದೂರ ಹೋಯಿತು. ಹತ್ತರಲ್ಲಿ ಎರಡು ಪಾಠವನ್ನಾದರೂ ಮಣ್ಣಿನ ಮೇಲೆ ಮಾಡದವರು ಅರ್ಧ ಪಾಠ ಮಾಡಿದವರು. ಅವರಿಗೂ ಹೇಳಿದ್ದೇನೆ, ನಗುತ್ತಾರೆ.

ಸ್ವಿಂಗನ್ನು ಬುಡಸಮೇತ ಕಿತ್ತು ಹೊಸದಾಗಿ ಕಟ್ಟುತ್ತೇವೆ ಎನ್ನುವವರಿಂದಂತೂ ದೂರ ಇರುವುದು ವಾಸಿ. ನಿಕ್ ಫಾಲ್ಡೊ 1985ರಲ್ಲಿ ಡೇವಿಡ್ ಲೆಡ್‌ಬೆಟರ್ ಬಳಿ ಹೋಗಿ ಹಾಗೆ ಕಟ್ಟಿಸಿಕೊಂಡರು, ನಿಜ. ಸುಮಾರು ಎರಡು ವರ್ಷದ ನಂತರ, 1987ರಲ್ಲಿ, ಮ್ಯೂರ್‌ಫೀಲ್ಡ್‌ನಲ್ಲಿ ಕೊನೆಯ ಸುತ್ತಿನ ಹದಿನೆಂಟೂ ಹೋಲ್‌ಗಳನ್ನು ಪಾರ್‌ನಲ್ಲಿ ಮುಗಿಸಿ ಓಪನ್ ಗೆದ್ದರು. ಅವರಿಗೆ ಅದೇ ಕಸುಬು, ದಿನವಿಡೀ ಚೆಂಡು ಹೊಡೆಯುವಷ್ಟು ಪುರುಸೊತ್ತು. ಶನಿವಾರ ಬೆಳಗ್ಗೆ ಒಂದು ಗಂಟೆ ಸಿಗುವವನ ಮನೆ ಕೆಡವಿದರೆ ಅವನು ಬೀದಿಯಲ್ಲೇ ಮಲಗಬೇಕು. ಇತ್ತ ಔಪಚಾರಿಕ ಪಾಠವನ್ನೇ ಹೇಳಿಸಿಕೊಳ್ಳದ ಬಬ್ಬಾ ವಾಟ್ಸನ್ 2012 ಮತ್ತು 2014ರಲ್ಲಿ ಮಾಸ್ಟರ್ಸ್ ಗೆದ್ದರು. ಇದನ್ನು ಪಾಠ ಬೇಡವೆನ್ನುವವರು ಗಿಳಿಪಾಠದಂತೆ ಒಪ್ಪಿಸುತ್ತಾರೆ. ಇಂಥವರು ಎಷ್ಟು ಜನ?

ಇನ್ನೊಂದು ವಿಚಿತ್ರ: ಎಲ್ಲರೂ ಪಾಠಕ್ಕೆ ಬರುವುದು ಡ್ರೈವರ್ ಹಿಡಿದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ಬೆಳಗಿನ ಜಾವ ಎದ್ದು ನೋಡಿದವರಿಗೆ ಗೊತ್ತು, ಆಕೆ ದೂರ ಹೊಡೆಯುವವರ ಸಾಲಿನಲ್ಲೇ ಇರಲಿಲ್ಲ. ಪಟ್ಟರ್ ಹಿಡಿದು ಅಲ್ಲಿಗೆ ಮುಟ್ಟಿದ್ದರು. ಅದನ್ನು ನೋಡಿಯೂ ನಾನು ಪಟ್ಟಿಂಗ್ ಪಾಠ ಕೇಳಿಲ್ಲ. ಗುಡುಗಿನ ಆಸೆ ಬಿಡುವುದಿಲ್ಲ.

ಮಳೆಯ ನೆಪದಲ್ಲಿ ಮೂರು ವಾರ ತಪ್ಪಿಸಿಕೊಂಡು ಮೊನ್ನೆ ಹೋದೆ. ಮೊದಲ ಚೆಂಡು ಹಳೆಯ ಸಂಬಂಧಿಯ ಹಾಗೆ ಸಲೀಸಾಗಿ ಬೇಲಿಯತ್ತ ನಡೆಯಿತು. ಕೋಚ್ ಚಹಾ ಕುಡಿಯುತ್ತಿದ್ದರು. ಏನೂ ಅನ್ನಲಿಲ್ಲ, ಲೋಟವನ್ನೂ ಕೆಳಗಿಡಲಿಲ್ಲ. ನಾನೇ ಬಗ್ಗಿ ಎಡಗೈ ನೋಡಿಕೊಂಡೆ. ಒಂದೇ ಗೆಣ್ಣು.