ಯಾರ ಮನೆಯ ಬಾಗಿಲು?

ಥೈಲ್ಯಾಂಡಿನ ಉತ್ತರದಲ್ಲಿ ಚಿಯಾಂಗ್ ಮಾಯ್ ಎಂಬ ಪಟ್ಟಣವಿದೆ. ಅಲ್ಲಿಂದ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ ಹೋದರೆ ಬಾನ್ ತವಾಯ್, ಮರದ ಕೆತ್ತನೆಗೆ ಹೆಸರಾದ ಹಳ್ಳಿ. ಬೇಸಿಗೆ ರಜೆಯಲ್ಲಿ ನಾವು ಆರು ಜನ ಶಿಕ್ಷಕಿಯರು ಪ್ರವಾಸ ಹೋದಾಗ ಅಲ್ಲಿ ಅರ್ಧ ದಿನ ಕಳೆದೆವು. ಎಲ್ಲಿ ನೋಡಿದರೂ ಆನೆಗಳು. ಆನೆ ಹೊತ್ತ ಮೇಜು, ಸೊಂಡಿಲನ್ನೇ ಕೈಯಾಗಿ ಮಾಡಿದ ಕುರ್ಚಿ, ಬೆನ್ನ ತುಂಬ ಕಾಡು ಕೆತ್ತಿದ ಸೋಫಾ. ನಮ್ಮ ಗಣಿತದ ಮೇಡಂ ಆ ಸೋಫಾದ ಮೇಲೆ ಕೂತವರು ತಟ್ಟನೆ ಎದ್ದು, "ಬೆನ್ನಿಗೆ ದಂತ ಚುಚ್ಚುತ್ತೆ ಕಣ್ರೀ!" ಎಂದರು. ಎಲ್ಲರೂ ನಕ್ಕೆವು. ಆದರೆ ನಾನು ಈಗ ಹೇಳಬೇಕೆಂದಿರುವುದೆಲ್ಲ ಅವರ ಆ ಒಂದು ಮಾತಿನಲ್ಲೇ ಇತ್ತು.

ಹಳೆಯ ಥಾಯ್ ಮನೆಗಳಲ್ಲಿ ಸೋಫಾ ಎಲ್ಲಿತ್ತು? ನಮ್ಮ ಅಜ್ಜಿಯರ ಹಾಗೆ ಅವರೂ ಚಾಪೆ ಹಾಸಿ ನೆಲದ ಮೇಲೆ ಕೂರುತ್ತಿದ್ದರು. ಕೆತ್ತನೆಗೆ ಬೇರೆ ಜಾಗಗಳಿದ್ದವು. ದೇವಾಲಯದ ಬಾಗಿಲು, ಮಾಡಿನ ಅಂಚು, ಧರ್ಮಗ್ರಂಥಗಳನ್ನಿಡುವ ಪೆಟ್ಟಿಗೆ. ಅಂದರೆ ಕೈ ಮುಗಿಯುವ ಕಡೆ ಕೆತ್ತನೆ, ಕೂರುವ ಕಡೆ ನುಣುಪು. ಆನೆಯ ಸೋಫಾ ಪರದೇಶದ ಗಿರಾಕಿಗಾಗಿ ಹುಟ್ಟಿದ್ದು. ಅದರಲ್ಲಿ ಕೈಚಳಕವಿದೆ, ಇಲ್ಲವೆನ್ನಲಾರೆ. ಆದರೆ ಅದರಲ್ಲಿ ಕೂರುವವರು ಯಾರೆಂದು ಕೆತ್ತಿದವನಿಗೆ ಗೊತ್ತಿಲ್ಲ.

ಬ್ಯಾಂಕಾಕಿನ ವಾಟ್ ಸುಥಾಟ್ ದೇವಾಲಯದ ಬಾಗಿಲನ್ನು ಕೆತ್ತಿದವನಿಗೆ ಇದು ಚೆನ್ನಾಗಿ ಗೊತ್ತಿತ್ತು. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮ ಎಂಬ ದೊರೆ ತಾನೇ ಉಳಿ ಹಿಡಿದು ಕೆತ್ತಿದ ಬಾಗಿಲದು. 1959ರ ಬೆಂಕಿಯಲ್ಲಿ ಹಾನಿಯಾದ ಮೇಲೆ ಅದನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಬಳ್ಳಿಯ ಹಿಂದೆ ಎಲೆ, ಎಲೆಯ ಹಿಂದೆ ಪ್ರಾಣಿ, ಹೀಗೆ ಪದರ ಪದರವಾಗಿ ಕಣ್ಣು ಒಳಗೊಳಗೆ ಇಳಿಯುತ್ತದೆ. ಇಂಥದ್ದು ಮತ್ತೆಲ್ಲೂ ಆಗಬಾರದೆಂದು ದೊರೆ ಉಳಿಗಳನ್ನೆಲ್ಲ ನದಿಗೆ ಎಸೆಸಿದನೆಂದು ಒಂದು ಕಥೆಯಿದೆ. ಕಥೆಯೇ ಇರಬಹುದು. ಆದರೂ ಮೇಷ್ಟರ ಕೆಲಸ ಮಾಡುವ ನನಗೆ ಅದು ಹಿಡಿಸಲಿಲ್ಲ. ಉಳಿಯನ್ನು ಹೊಳೆಗೆ ಎಸೆದರೆ ಮುಂದಿನವರು ಕಲಿಯುವುದು ಹೇಗೆ?

ಈ ಪ್ರಶ್ನೆಗೆ ಪಟ್ಟಾಯದ ಕಡಲ ದಂಡೆಯಲ್ಲಿ ಒಂದು ಉತ್ತರ ಸಿಕ್ಕಿತು. ಲೆಕ್ ವಿರಿಯಫಾನ್ ಎಂಬ ಶ್ರೀಮಂತರು 1981ರಲ್ಲಿ ಅಲ್ಲಿ 'ಸತ್ಯದ ಮಂದಿರ'ವನ್ನು ಕಟ್ಟಿಸತೊಡಗಿದರು. ಅವರು 2000ದಲ್ಲಿ ತೀರಿಕೊಂಡರು. ಕೆಲಸ ಇನ್ನೂ ನಡೆದಿದೆ. 105 ಮೀಟರ್ ಎತ್ತರ, ಪೂರಾ ಮರ. ಬ್ರಹ್ಮ, ವಿಷ್ಣು, ಬುದ್ಧ ಎಲ್ಲರೂ ಇದ್ದಾರೆ. ಒಂದು ಗೇಣು ಜಾಗವೂ ಖಾಲಿ ಬಿಟ್ಟಿಲ್ಲ. ಎಲ್ಲ ಸಾಲಿಗೂ ಕೆಂಪು ಗೆರೆ ಎಳೆದ ಉತ್ತರಪತ್ರಿಕೆಯ ಹಾಗೆ, ಮುಖ್ಯವಾದದ್ದು ಯಾವುದೆಂದೇ ತಿಳಿಯುವುದಿಲ್ಲ. ಆದರೆ ಪಕ್ಕದ ಚಪ್ಪರದಲ್ಲಿ ಟಕ್ ಟಕ್ ಸದ್ದು. ಉಪ್ಪುಗಾಳಿಗೆ ಹಾಳಾದ ಭಾಗಗಳನ್ನು ತೆಗೆದು ಹೊಸದನ್ನು ಕೆತ್ತಿ ಕೂರಿಸುತ್ತಲೇ ಇರುತ್ತಾರೆ. ಮಂದಿರಕ್ಕಿಂತ ನನಗೆ ಆ ಚಪ್ಪರವೇ ಇಷ್ಟವಾಯಿತು.

ಇವೆಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದದ್ದು ಬಾನ್ ತವಾಯ್‌ನ ಅಂಗಡಿಯೊಂದರ ಗೋಡೆಗೆ ಒರಗಿಸಿದ್ದ, ಬಣ್ಣಗೆಟ್ಟ ಒಂದು ಹಲಗೆ. ಹೆಸರು 'ಹಾಮ್ ಯೋನ್'. ಉತ್ತರ ಥೈಲ್ಯಾಂಡಿನ ಹಳೆಯ ಮನೆಗಳಲ್ಲಿ ಮಲಗುವ ಕೋಣೆಯ ಬಾಗಿಲ ಮೇಲೆ ಕೂರಿಸುತ್ತಿದ್ದ ಕೆತ್ತನೆ ಅದು. 'ಯೋನ್' ಎಂದರೆ ನಮ್ಮ ಯಂತ್ರವೇ. 'ಹಾಮ್' ಎಂದರೆ ಗಂಡಸಿನ ಬೀಜ. ಮನೆ ಯಜಮಾನನ ಪೌರುಷ ಅಲ್ಲಿ ಕೂತು ಒಳಗಿನವರನ್ನು ಕಾಯುತ್ತದೆಂದು ನಂಬಿಕೆ. ಬಾಗಿಲ ಅಗಲವನ್ನು ಅವನ ಪಾದದಿಂದಲೇ ಅಳೆಯುತ್ತಿದ್ದರಂತೆ. ತಮಾಷೆಯೆಂದರೆ, ಆ ಸೀಮೆಯಲ್ಲಿ ಮನೆ ಸಾಮಾನ್ಯವಾಗಿ ಕಿರಿಯ ಮಗಳಿಗೆ ಹೋಗುತ್ತಿತ್ತು. ಬಾಗಿಲ ಮೇಲೆ ಅವನ ಶಕ್ತಿ, ಬಾಗಿಲ ಒಳಗೆಲ್ಲ ಅವಳ ಹಕ್ಕು! ಇನ್ನೊಂದು ಪದ್ಧತಿಯಿತ್ತು. ಮನೆ ಬೇರೆಯವರ ಪಾಲಾದಾಗ ಕೊಂಡವರು ಮೊದಲು ಆ ಹಲಗೆಗೆ ಹೊಡೆದು ಹಳೆಯ ಶಕ್ತಿಯನ್ನು ಕಳೆಯುತ್ತಿದ್ದರು. ಅದು ಒಂದು ಮನೆಯದು, ಇನ್ನೊಬ್ಬರಿಗೆ ಒಗ್ಗುವುದಿಲ್ಲ ಎಂಬ ತಿಳಿವಳಿಕೆ.

ನೋಡಿ, ಕೆತ್ತನೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

1988ರ ನವೆಂಬರಿನಲ್ಲಿ ದಕ್ಷಿಣ ಥೈಲ್ಯಾಂಡಿನಲ್ಲಿ ಭಾರಿ ಪ್ರವಾಹ ಬಂತು. ಕಾಡು ಕಡಿದ ಗುಡ್ಡಗಳಿಂದ ಮಣ್ಣು, ದಿಮ್ಮಿಗಳು ಜಾರಿ ಬಂದು ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ನೈಸರ್ಗಿಕ ಕಾಡಿನಲ್ಲಿ ಮರ ಕಡಿಯುವುದನ್ನೇ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ತೇಗ ಬೇಕಲ್ಲ? ಬರ್ಮಾದಿಂದ ಬಂತು, ಕೆಡವಿದ ಹಳೆಯ ಮನೆಗಳಿಂದಲೂ ಬಂತು. ನಮ್ಮ ಬೆನ್ನಿಗೆ ಚುಚ್ಚಿದ ಆನೆ ಒಂದಾನೊಂದು ಕಾಲಕ್ಕೆ ಯಾರದೋ ಮನೆಯ ಕಂಬವಾಗಿದ್ದರೂ ಇರಬಹುದು.

ಆ ಹಲಗೆಯನ್ನು ಕೊಳ್ಳಲೆಂದು ನಾನು ಕೈಗೆತ್ತಿಕೊಂಡಿದ್ದೆ. ನಡುಮನೆಯ ಗೋಡೆಗೆ ಚೆನ್ನಾಗಿ ಒಪ್ಪುತ್ತಿತ್ತು. ಆಗ ನೆನಪಾಯಿತು: ಇಪ್ಪತ್ತು ವರ್ಷದ ಹಿಂದೆ ನಮ್ಮ ಹಳೆಯ ಮನೆ ಕೆಡವಿದಾಗ ಗಜಲಕ್ಷ್ಮಿ ಕೆತ್ತಿದ ಬಾಗಿಲವಾಡವನ್ನು ಬಂದ ಬೆಲೆಗೆ ಕೊಟ್ಟವರು ನಾವೇ. "ಅದೊಂದನ್ನ ಇಟ್ಕೊಳ್ರೇ" ಎಂದು ನಮ್ಮತ್ತೆ ಎರಡು ಸಲ ಹೇಳಿದ್ದರು. ಹೊಸ ಮನೆಯ ಅಳತೆಗೆ ಅದು ಕೂರುವುದಿಲ್ಲವೆಂದು ನಾನೇ ವಾದಿಸಿದ್ದೆ. ಲಾರಿ ಹೊರಟಾಗ ಅವರು ಹೊರಗೆ ಬರಲಿಲ್ಲ. ಈಗ ಅದು ಯಾವ ಹೋಟೆಲಿನ ಗೋಡೆಯಲ್ಲಿದೆಯೋ, ಯಾರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೋ.

ಹಲಗೆಯನ್ನು ಇದ್ದಲ್ಲಿಯೇ ಒರಗಿಸಿದೆ. ಹಿತ್ತಲಲ್ಲಿ ಒಬ್ಬ ಹೆಂಗಸು ಹೊಸ ಬಟ್ಟಲೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಾ ಕೂತಿದ್ದಳು. ಮಡಿಲ ತುಂಬ ಮರದ ಹಿಟ್ಟು. ಅವಳಿಂದ ಆ ಬಟ್ಟಲನ್ನೇ ಕೊಂಡೆ. ಅದರ ಮೇಲೆ ಆನೆಯಿಲ್ಲ, ಬಳ್ಳಿಯಿಲ್ಲ. ಈಗ ಅದರಲ್ಲಿ ಹುಣಸೆಹಣ್ಣು ಇಡುತ್ತೇನೆ.