ಹಳೆಯ ಕ್ಯಾಟಮರಾನಿನ ಕಡೆಗೀಲು

ಗಾಲಿ ಮುರಿದು ನಡುದಾರಿಯಲ್ಲಿ ನಿಂತ ಬಂಡಿಗಳಿಗಿಂತ ಕೀಲು ಕಳಕೊಂಡು ನಿಂತವೇ ಹೆಚ್ಚಿರಬೇಕು. ಜೇವರ್ಗಿ ಬಳಿಯ ಕೊಳಕೂರದ ಕಡೆಯ ಎರೆಮಣ್ಣಿನ ದಾರಿಯಲ್ಲಿ ಅಚ್ಚಿನ ತುದಿಗೆ ತೂರಿಸಿದ ಬೆರಳುದ್ದದ ಕಬ್ಬಿಣ ಉದುರಿತೆಂದರೆ ಮುಗಿಯಿತು. ಗಾಲಿ ಒಂದು ಕಡೆ, ಹೇರು ಒಂದು ಕಡೆ. ಜೇವರ್ಗಿಯಿಂದ ದಕ್ಷಿಣಕ್ಕೆ, ಸುರಪುರ ತಾಲ್ಲೂಕಿನ ಮುದನೂರಿನವನು ಜೇಡರ ದಾಸಿಮಯ್ಯ. ಬಸವಣ್ಣನಿಗಿಂತ ಹಿಂದಿನ ಈ ನೇಕಾರ ವಚನಕಾರ ಒಡಲನ್ನು ಬಂಡಿಯೆಂದು ಕರೆದು, ಶರಣರ ನುಡಿಯನ್ನು ಅದರ ಕಡೆಗೀಲಿಗೆ ಹೋಲಿಸಿದ. ಅವನ ಹೋಲಿಕೆಗೆ ಸಿಕ್ಕಿದ್ದು ಗಾಲಿಯಲ್ಲ, ಮೂಕಿಯಲ್ಲ, ಯಾರೂ ತಿರುಗಿ ನೋಡದ ಆ ಕೀಲು.

ಹಳೆಯ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ, ಕೊಂಡವರು ಮೊದಲು ನೋಡಬೇಕಾದದ್ದೂ ಕೀಲನ್ನೇ. ಅವರು ನೋಡುವುದು ಮಾತ್ರ ಹಾಯಿಯ ಬಣ್ಣ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಈ ಪದ ಹೋದದ್ದು ತಮಿಳಿನ ಕಟ್ಟುಮರದಿಂದ. ಕನ್ನಡಿಗರಿಗೆ ಅದನ್ನು ಬಿಡಿಸಲು ನಿಘಂಟು ಬೇಡ: ಕಟ್ಟಿದ ಮರ. ಆದರೆ ಕೋರಮಂಡಲದ ಕಟ್ಟುಮರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಎರಡು ಒಡಲುಗಳ ಹಾಯಿದೋಣಿ ಪೆಸಿಫಿಕ್ ದ್ವೀಪದವರ ವಿದ್ಯೆ. ಹೆಸರು ಒಂದು ಕಡಲಿನದು, ರೂಪ ಇನ್ನೊಂದರದು. ನಮ್ಮ ಕರಾವಳಿಯಲ್ಲಿ ಇದಕ್ಕೆ ಹತ್ತಿರದ ನೆಂಟನೆಂದರೆ ಜಂಗಲ್. ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಸೇತುವೆ ಬರುವ ಮುನ್ನ ಜನರನ್ನೂ ವಾಹನಗಳನ್ನೂ ಹೊಳೆ ದಾಟಿಸುತ್ತಿದ್ದ ಸಾಧನ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಕಟ್ಟಿದ ಅಮರಿಲಿಸ್ ಎಂಬ ಜೋಡಿ ಒಡಲಿನ ದೋಣಿ ನ್ಯೂಯಾರ್ಕಿನ ಪಂದ್ಯದಲ್ಲಿ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಬಹುಮಾನಕ್ಕೆ ಬದಲು ಅದಕ್ಕೆ ಸಿಕ್ಕಿದ್ದು ಬಹಿಷ್ಕಾರ.

ಇವತ್ತು ಹಳೆಯ ಕ್ಯಾಟಮರಾನ್ ಎಂದರೆ ಬಹುಪಾಲು ನೆನಪಾಗುವುದು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಅಲೆಯಾಟದ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ 1960ರ ದಶಕದ ಕೊನೆಗೆ ರೂಪಿಸಿದ ಈ ದೋಣಿ 5 ಮೀಟರಿಗೆ ತುಸು ಹೆಚ್ಚು ಉದ್ದ, 145 ಕಿಲೋ ತೂಕ. ಲಕ್ಷಕ್ಕೂ ಹೆಚ್ಚು ಕಟ್ಟಿದ್ದಾರೆ. ವಿನ್ಯಾಸ ಹೆಚ್ಚು ಬದಲಾಗದ ಕಾರಣ ನಲವತ್ತು ವರ್ಷದ ಹಳೆಯ ಒಡಲಿಗೂ ಹೊಸ ಬಿಡಿಭಾಗ ಕೂರುತ್ತದೆ. ಹಳೆಯ ದೋಣಿಯ ಮೇಲಿನ ಮೋಹಕ್ಕೆ ಇಷ್ಟಾದರೂ ಲೆಕ್ಕಾಚಾರ ಇರಬೇಕು.

ಅದರ ಕೂವೆಮರ ಸುಮಾರು 8 ಮೀಟರ್ ಎತ್ತರ. ಅದನ್ನು ನಿಲ್ಲಿಸಿರುವುದು ಮುಂದಿನ ಒಂದು, ಇಕ್ಕೆಲಗಳ ಎರಡು ಉಕ್ಕಿನ ತಂತಿಹಗ್ಗಗಳು. ಪ್ರತಿ ಹಗ್ಗವೂ ಕೊನೆಗೆ ಸೀಸದಕಡ್ಡಿಗಿಂತ ತೆಳುವಾದ ಒಂದು ಪಿನ್ನಿಗೆ ಬಂದು ನಿಲ್ಲುತ್ತದೆ. ಪಿನ್ ಜಾರದಂತೆ ಅದರ ತುದಿಯ ತೂತಿನಲ್ಲೊಂದು ಸುರುಳಿ ಉಂಗುರ, ಕೀಲಿಗೊಂಚಲಿನ ಬಳೆಯ ಮರಿಯಂಥದು. ಸುಮಾರು 20 ಚದರ ಮೀಟರ್ ಹಾಯಿ ಗಾಳಿಯಿಂದ ಸೆಳೆದದ್ದು ಬರುವುದು ಪಿನ್ನುಗಳ ಪಾಲಿಗೆ, ಪಿನ್ನನ್ನು ಕಾಯುವುದು ಈ ಉಂಗುರ. ಲೈಫ್ ಜಾಕೆಟ್ಟಿನ ಪಟ್ಟಿಗೋ ಹಗ್ಗದ ಎಳೆಗೋ ಸಿಕ್ಕಿದರೆ ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಸದ್ದಿಲ್ಲದೆ. ಮುಂದಿನ ಬಿರುಗಾಳಿಗೆ ಕೂವೆಮರ ನೀರಿಗೆ, ಅದೃಷ್ಟ ಕೆಟ್ಟರೆ ತಲೆಗೆ.

ಹಾಗಾಗಿ ಉಂಗುರದ ಮೇಲೆ ಟೇಪು ಸುತ್ತುವ ರೂಢಿ ಇದೆ. ಸುತ್ತಲಿ, ಆದರೆ ವರ್ಷಗಟ್ಟಲೆ ಬಿಡಬಾರದು. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯುವುದಿಲ್ಲವೆಂಬುದು ಅರ್ಧ ಸತ್ಯ. ಅದರ ಮೈಮೇಲಿನ ತೆಳ್ಳನೆಯ ಕ್ರೋಮಿಯಂ ಆಕ್ಸೈಡಿನ ಪೊರೆ ಉಳಿಯಲು ಆಮ್ಲಜನಕ ಬೇಕು. ಟೇಪಿನಡಿ ಉಪ್ಪುನೀರು ನಿಂತು ಗಾಳಿ ಆಡದಿದ್ದರೆ ಪೊರೆ ಕಳಚಿ, ಹೊರಗೆ ಹೊಳೆಯುವ ಉಕ್ಕು ಒಳಗೊಳಗೇ ಗುಳಿ ಬೀಳುತ್ತದೆ. ತಂತಿಹಗ್ಗ ತನ್ನ ತುದಿಯ ಲೋಹದ ಕೊಳವೆಯೊಳಗೆ ನುಗ್ಗುವ ಬಾಯಿಯಲ್ಲೂ ಇದೇ ಕಥೆ. ಅಲ್ಲಿ ಹತ್ತಿಯ ಬಟ್ಟೆ ಸವರಿದಾಗ ನೂಲು ಸಿಕ್ಕಿಕೊಂಡರೆ ಹಗ್ಗದ ಹತ್ತೊಂಬತ್ತು ಎಳೆಗಳಲ್ಲಿ ಒಂದು ಹರಿದಿದೆ ಎಂದರ್ಥ. ಉಳಿದ ಹದಿನೆಂಟು ಗಟ್ಟಿ ಇವೆಯಲ್ಲ ಎನ್ನುವ ಜಾಣರು ದಡದಲ್ಲೇ ಇರುವುದು ಮೇಲು. ಉಪ್ಪುನೀರಿಗೆ ಕೊಳ್ಳುವುದಾದರೆ ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಉಕ್ಕು. ಪೇಟೆಯ ಅಗ್ಗದ 304 ಅಡುಗೆಮನೆಗೆ ಸಾಕು.

ಚುಕ್ಕಾಣಿಯ ಸಂಗತಿ ಬೇರೆ. ಅಲ್ಲಿ ಮುರಿಯುವುದಕ್ಕಿಂತ ಸವೆಯುವುದೇ ಹೆಚ್ಚು. ಅಲ್ಯೂಮಿನಿಯಂ ಎರಕದ ತೂತುಗಳು ವರ್ಷಗಳಲ್ಲಿ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿ, ಹಿಡಿಯಲ್ಲಿ ಲಟಪಟ ಶುರುವಾಗುತ್ತದೆ. ಓಟ ಏರಿದಂತೆ ಚುಕ್ಕಾಣಿ ಗಡಗಡ ನಡುಗುತ್ತದೆ. ಹೊಸ ಚುಕ್ಕಾಣಿ ಕೊಳ್ಳುವುದು ದುಂದು. ತೂತನ್ನು ಸರಿಯಾಗಿ ಕೊರೆದು ಹೊಸ ಬುಶ್ ಕೂರಿಸಿದರೆ ಹಿಡಿ ಮತ್ತೆ ಬಿಗಿ. ಬುಶ್ ನೈಲಾನಿನದಾದರೆ ನೀರು ಕುಡಿದು ಉಬ್ಬಿ ಪಿನ್ನನ್ನೇ ಹಿಡಿದುಕೊಳ್ಳುತ್ತದೆ. ಡೆಲ್ರಿನ್ ಪ್ಲಾಸ್ಟಿಕ್ಕಿಗೆ ಆ ಚಾಳಿ ಕಡಿಮೆ. ಹಾಯಿಯ ಹಗ್ಗ ಓಡುವ ರಾಟೆಗಳಿಗೆ ಗುಂಡು ಬೇರಿಂಗ್ ಇದ್ದರೆ ಬಂಡಿಯ ಕೀಲೆಣ್ಣೆಯ ಬುದ್ಧಿ ನಡೆಯದು. ಜಿಡ್ಡಿಗೆ ಮರಳು ಅಂಟಿ ಗುಂಡುಗಳನ್ನು ಅರೆಯುತ್ತದೆ. ಸಿಹಿನೀರಲ್ಲಿ ತೊಳೆದರೆ ಸಾಕು.

ಈ ತಾಪತ್ರಯವೇ ಇಲ್ಲದ ನಾವೆಗಳೂ ಇವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹೊಳೆಯಲ್ಲಿ ಚರ್ಮ ಹೊದಿಸಿದ ಬುಟ್ಟಿಯಂಥ ಹರಿಗೋಲುಗಳು ಹದಿನೈದಿಪ್ಪತ್ತು ಜನರನ್ನು ದಾಟಿಸುವುದನ್ನು ಬರೆದಿಟ್ಟ. ಅದರಲ್ಲಿ ಕೀಲಿಲ್ಲ, ಮೊಳೆಯಿಲ್ಲ, ಬದಲಿಸಲು ಬಿಡಿಭಾಗವೂ ಇಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯ ಹಾಯಿಹಡಗಿನ ಹಲಗೆಗಳನ್ನಂತೂ ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಮೊಳೆ ಇಲ್ಲದಲ್ಲಿ ಮೊಳೆಯ ತುಕ್ಕೂ ಇಲ್ಲ. ಹಾಗೆಂದು ನಾರಿನ ಹೊಲಿಗೆ ಸವೆಯದೇ? ಅದನ್ನೂ ಯಾರಾದರೂ ಕೂತು ನೋಡಲೇಬೇಕು.

ಕ್ಯಾಟಮರಾನಿನಲ್ಲೂ ಹೊಲಿಗೆ ಉಂಟು. ಎರಡು ಒಡಲುಗಳ ನಡುವೆ ಬಿಗಿದ ಟ್ರ್ಯಾಂಪೊಲೀನಿನ ಬಟ್ಟೆ ಗಟ್ಟಿ ಇರುವಾಗಲೇ ಅದರ ನೂಲು ಬಿಸಿಲಿಗೆ ಸುಟ್ಟಿರುತ್ತದೆ. ಉಗುರಿಂದ ಕೆರೆದಾಗ ಪುಡಿಯಾಗುವ ಹೊಲಿಗೆಯ ಮೇಲೆ ಇಬ್ಬರು ಕೂರಬಾರದು.

ಕೊನೆಯದು ಸಾಮಾನಲ್ಲ, ಒಂದು ತೂತು. ಒಡಲ ಒಳಗಿನ ಗಾಳಿ ಉಸಿರಾಡಲು ಹೋಬಿಯಲ್ಲಿ ಸಣ್ಣದೊಂದು ರಂಧ್ರ ಬಿಟ್ಟಿದ್ದಾರೆ. ದೋಣಿಯನ್ನು ದಡದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಣಜ ಅಲ್ಲಿ ಮಣ್ಣು ಮೆತ್ತಿರುತ್ತದೆ. ಆಮೇಲೆ ನಮ್ಮ ಬೇಸಿಗೆಯ ಬಿಸಿಲಲ್ಲಿ ಕಾದ ಒಡಲನ್ನು ತಣ್ಣನೆ ನೀರಿಗೆ ಇಳಿಸಿದಾಗ, ಒಳಗಿನ ಗಾಳಿ ಕುಗ್ಗಿ, ಅಂಟಿಸಿದ ಸಂದುಗಳಿಂದ ನೀರು ಹೀರುತ್ತದೆ. ಒಡಲಿಗೆ ತೇಪೆ ಹಾಕಿಸಲು ಓಡುವವರು ಮೊದಲು ಒಂದು ತೆಳು ತಂತಿ ತಂದು ಆ ಮಣ್ಣು ಚುಚ್ಚಿ ತೆಗೆಯಲಿ.